ತೂಕದಣ್ಣನ ಮೂರು ಪುಸ್ತಕ

ಪುಸ್ತಕದಂಗಡಿಯವನು ಒಳ್ಳೆಯವನಾಗಿದ್ದದ್ದೇ ತೂಕದಣ್ಣನ ಅಂದಿನ ಪಾಡಿಗೆಲ್ಲ ಮೂಲ. ಬೇರೆ ಯಾರಾದರೂ ಆಗಿದ್ದರೆ ಒಂದು ಪುಸ್ತಕ ಕೈಗೆ ತುರುಕಿ ಕಳಿಸಿಬಿಡುತ್ತಿದ್ದರು. ಇವನೋ, ವೆಬ್‌ಸೈಟ್ ಮಾಡುವುದನ್ನು ಕಲಿಸುವ ಮೂರು ಪುಸ್ತಕಗಳನ್ನು ಮುಂದಿಟ್ಟು, "ಮೂರನ್ನೂ ತಗೊಂಡು ಹೋಗಿ ಸಾರ್. ನಿಧಾನಕ್ಕೆ ನೋಡಿ. ಬೇಕಾದ್ದು ಇಟ್ಕೊಳ್ಳಿ, ಮಿಕ್ಕ ಎರಡು ನಾಳೆ ತಂದ್ಕೊಡಿ" ಎಂದುಬಿಟ್ಟ.

ನಿಧಾನಕ್ಕೆ ನೋಡಲು ತೂಕದಣ್ಣನಿಗೆ ಪುರುಸೊತ್ತೆಲ್ಲಿ? ಅವತ್ತೇ ಸಂಜೆ ಐದಕ್ಕೆ ಒಂದು ಪುಸ್ತಕ ಹಿಡಿದು ಅವನು ಮ್ಯಾನೇಜರ್ ಮುಂದೆ ನಿಲ್ಲಬೇಕಿತ್ತು.

ಪಾರ್ಸೆಲ್ ಆಫೀಸಿನಲ್ಲಿ ಹದಿನಾರು ವರ್ಷದಿಂದ ತೂಕದ ಯಂತ್ರದ ಮುಂದೆ ಕೂತು ಕೂತು ಅವನ ಸ್ವಂತ ಹೆಸರು ಸವೆದುಹೋಗಿತ್ತು. ಈಗ ತಾನೇ ತೂಗಿ, ತಾನೇ ಚೀಟಿ ಅಂಟಿಸುವ ಹೊಸ ಯಂತ್ರವೊಂದು ಮುಂದಿನ ತಿಂಗಳು ಬರುವುದಿತ್ತು. ಅದು ಬಂದರೆ ತೂಕದಣ್ಣ ನೆಲಮಾಳಿಗೆಯ ಗೋದಾಮಿಗೆ. ತಪ್ಪಿಸಿಕೊಳ್ಳಲು ಒಂದೇ ದಾರಿ. ಪಾರ್ಸೆಲ್ ಎಲ್ಲಿಗೆ ಮುಟ್ಟಿತು ಎಂದು ಜನ ಮನೆಯಲ್ಲೇ ಕೂತು ನೋಡುವಂಥ ವೆಬ್‌ಸೈಟ್ ಆಫೀಸಿಗೆ ಬೇಕಾಗಿತ್ತು. "ಕಲಿಯೋ ಆಸೆ ಇರೋರು ಪುಸ್ತಕ ಹಿಡ್ಕೊಂಡು ಬನ್ನಿ. ಪುಸ್ತಕ ನೋಡಿದ್ರೆ ಮನುಷ್ಯ ಎಷ್ಟು ಗಟ್ಟಿ ಅಂತ ನಂಗೆ ಗೊತ್ತಾಗುತ್ತೆ" ಎಂದಿದ್ದರು ಮ್ಯಾನೇಜರ್. ಗಟ್ಟಿಯಾದವನಿಗೆ ಮಹಡಿಯ ಮೇಲೆ ಕಿಟಕಿ ಪಕ್ಕದ ಕುರ್ಚಿ. ಕೈಯೆತ್ತಿದ್ದು ತೂಕದಣ್ಣ ಒಬ್ಬನೇ.

ಅಂಗಡಿಯಿಂದ ನೇರ ಆಫೀಸಿಗೆ ಹೋಗಿದ್ದರೆ ಅರ್ಧ ತಲೆನೋವು ತಪ್ಪುತ್ತಿತ್ತು. ತಿಂಡಿಗೆಂದು ಮನೆಗೆ ಬಂದ. ಮೊಬೈಲಿಗೆ ಗಾಜು ಅಂಟಿಸುವ ಅಂಗಡಿ ಇಟ್ಟಿದ್ದ ಬಾಮೈದ ಅಲ್ಲೇ ಕೂತಿದ್ದ. ಕಂಪ್ಯೂಟರಿನ ವಿಷಯದಲ್ಲಿ ಆ ಮನೆಗೆ ಅವನ ಮಾತೇ ಕಡೆಯ ಮಾತು.

"ಭಾವ, ಕಣ್ಣು ಮುಚ್ಕೊಂಡು ದಪ್ಪದ್ದು ತಗೊಳ್ಳಿ. ಸಾವಿರದ ಇನ್ನೂರು ಪುಟ! ಇದರಲ್ಲಿ ಇಲ್ಲದ್ದು ಎಲ್ಲೂ ಇಲ್ಲ."

"ಅದನ್ನ ಓದಿ ಮುಗಿಸೋ ಹೊತ್ತಿಗೆ ನಮ್ಮ ಮಗಳಿಗೆ ಮೊಮ್ಮಕ್ಕಳಾಗಿರ್ತಾರೆ" ಎಂದಳು ಹೆಂಡತಿ. "ರೀ, ತೆಳ್ಳಗಿರೋದು ತಗೊಳ್ಳಿ. ನೀವು ಈವರೆಗೆ ಪೂರ್ತಿ ಓದಿದ ಪುಸ್ತಕ ಅಂದ್ರೆ ಮಿಕ್ಸಿ ಜೊತೆ ಬಂದದ್ದು ಒಂದೇ."

ದನಿ ಕೇಳಿ ಪಕ್ಕದ ಮನೆಯ ಮೇಷ್ಟ್ರು ಒಳಗೆ ಬಂದರು. ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಪುಸ್ತಕ ಕಂಡರೆ ಅವರ ಕೈ ಪೆನ್ಸಿಲ್ ಹುಡುಕುತ್ತಿತ್ತು. "ಅಭ್ಯಾಸದ ಪ್ರಶ್ನೆ ಇಲ್ಲದ್ದು ಒಂದು ಪುಸ್ತಕವೇನ್ರೀ?" ಎನ್ನುತ್ತ, ಪ್ರಶ್ನೆಗಳಿದ್ದ ಮೂರನೆಯದನ್ನು, ಅಂದರೆ ದಪ್ಪವೂ ಅಲ್ಲದ ತೆಳುವೂ ಅಲ್ಲದ ನಡುವಿನದನ್ನು ತೆಗೆದು, ಮೊದಲ ಪಾಠದ ನಾಲ್ಕು ಪ್ರಶ್ನೆಗೆ ಉತ್ತರ ಬರೆದೇ ಬಿಟ್ಟರು. ನಾಲ್ಕೂ ತಪ್ಪು ಎಂದು ಕೊನೆಯಲ್ಲಿದ್ದ ಉತ್ತರಗಳ ಪುಟ ಹೇಳಿತು. ಪುಸ್ತಕವೇ ತಪ್ಪು ಎಂದು ಮೇಷ್ಟ್ರು ಹೇಳಿದರು. ಮೂವರೂ ಮೂರು ದಿಕ್ಕಿಗೆ ಎಳೆಯುತ್ತಿರುವಾಗ ತೂಕದಣ್ಣ ಪುಸ್ತಕಗಳನ್ನು ಬಗಲಿಗಿಟ್ಟುಕೊಂಡು ಮನೆಯಿಂದ ಪಾರಾದ.

ಆಫೀಸಿನಲ್ಲಿ ಅವನ ಪಕ್ಕದ ಮೇಜು ಸೀಲಕ್ಕನದು. ಪಾರ್ಸೆಲ್ಲಿಗೆ ವಿಳಾಸದ ಚೀಟಿ ಅಂಟಿಸಿ, ಸೀಲು ಗುದ್ದಿ, ಚೀಲಕ್ಕೆ ಎಸೆಯುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಒಮ್ಮೆಯೂ ಗುರಿ ತಪ್ಪಿದವಳಲ್ಲ.

"ಅಣ್ಣ, ಯಾರ್ಯಾರನ್ನೋ ಯಾಕೆ ಕೇಳ್ತೀಯ? ನಿಂಗೆ ಬರೋ ವಿದ್ಯೆ ಉಪಯೋಗ್ಸು. ತೂಗಿ ನೋಡು" ಎಂದಳು.

ತೂಗಿದ. ದಪ್ಪದ್ದು ಎರಡು ಕಿಲೋ ನೂರೈವತ್ತು ಗ್ರಾಂ. ತೆಳ್ಳಗಿನದು ನೂರೆಂಬತ್ತು. ನಡುವಿನದು ಆರುನೂರ ನಲವತ್ತು. ತೂಕವೇನೋ ಗೊತ್ತಾಯಿತು, ಬುದ್ಧಿ ಬರಲಿಲ್ಲ.

ಊಟದ ಬಿಡುವಿನಲ್ಲಿ, ಕೊನೆಗೂ, ಯಾರಿಗೂ ಹೊಳೆಯದ ಉಪಾಯವೊಂದು ಅವನಿಗೆ ಹೊಳೆಯಿತು. ಪುಸ್ತಕ ತೆರೆದು ಓದಿದ. 'ಈ ಕೆಳಗಿನವು ನಿಮಗೆ ಗೊತ್ತೇ ಇವೆ' ಎಂದು ತೆಳ್ಳಗಿನದು ಹನ್ನೊಂದು ಸಂಗತಿಗಳ ಪಟ್ಟಿ ಕೊಟ್ಟಿತ್ತು. ಅವನಿಗೆ ಒಂದೂ ಗೊತ್ತಿರಲಿಲ್ಲ. ದಪ್ಪದ್ದು ಕಂಪ್ಯೂಟರ್ ಹುಟ್ಟಿದ ಕತೆ ಶುರುಮಾಡಿ ನಲವತ್ತನೇ ಪುಟಕ್ಕೂ ಅದನ್ನು ತೊಟ್ಟಿಲಿಂದ ಇಳಿಸಿರಲಿಲ್ಲ. ನಡುವಿನದು ಮಾತ್ರ, 'ಮೊದಲು ಇಷ್ಟನ್ನು ಟೈಪ್ ಮಾಡಿ, ಆಮೇಲೆ ಮಾತಾಡೋಣ' ಎಂದಿತು.

ಚೀಟಿ ಮುದ್ರಿಸುವ ಹಳೇ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಬೆರಳಿನಿಂದ ಮೂರು ಸಾಲು ಕುಟ್ಟಿದ. ತೆರೆಯ ಮೇಲೆ ಎಲ್ಲ ಅಕ್ಷರಗಳೂ ಗೋಡೆ ಬರಹದಷ್ಟು ದಪ್ಪಗೆ ಮೂಡಿದವು. ತಲೆಬರಹವೊಂದೇ ದಪ್ಪಗಿರಬೇಕಿತ್ತು. ಪುಸ್ತಕವನ್ನೂ ತೆರೆಯನ್ನೂ ನೋಡಿದ, ಮತ್ತೆ ನೋಡಿದ. ತಲೆಬರಹ ಮುಗಿಯುವಲ್ಲಿ ಒಂದು ಓರೆಗೆರೆ ಬಿಟ್ಟುಹೋಗಿತ್ತು. ಹಾಕಿದ. ತಲೆಬರಹ ತನ್ನ ಮಟ್ಟಿಗೆ ದೊಡ್ಡದಾಗಿ ನಿಂತು, ಕೆಳಗಿನ ಸಾಲು ತೆಪ್ಪಗೆ ಸಣ್ಣದಾಯಿತು: 'ಇದು ನಾನೇ ಮಾಡಿದ ಪುಟ.'

ಹದಿನಾರು ವರ್ಷ ಬೇರೆಯವರ ಗಂಟುಮೂಟೆ ತೂಗಿದವನಿಗೆ, ತನ್ನದೇ ಎನ್ನುವ ಒಂದು ಸಾಲು ಕಣ್ಣೆದುರು ಹೊಳೆದಿತ್ತು. ನಲವತ್ತೈದು ಒಂದು ವಯಸ್ಸೇ ಅಲ್ಲ ಅನ್ನಿಸಿತು.

"ಸೀಲಕ್ಕಾ, ಇದೇ ಪುಸ್ತಕ!" ಎಂದು ಕೂಗಿದ.

ಪುಸ್ತಕಗಳು ಬೇರೆಯಾಗದಿರಲೆಂದು ಮೂರನ್ನೂ ಕಂದು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಮೇಜಿನ ಎಡಕ್ಕಿಟ್ಟ. ಇಟ್ಟದ್ದು ಅವನಲ್ಲ, ಹದಿನಾರು ವರ್ಷದ ಅಭ್ಯಾಸ. ಆ ಆಫೀಸಿನಲ್ಲಿ ಬಲಕ್ಕಿದ್ದದ್ದು ತೂಗಬೇಕಾದ ಮಾಲು, ಎಡಕ್ಕಿದ್ದದ್ದು ತೂಗಿ ಆದದ್ದು. ಎಡಕ್ಕಿದ್ದದ್ದನ್ನು ಸೀಲಕ್ಕ ಕೇಳದೆ ನೋಡದೆ ಎತ್ತಿಕೊಳ್ಳುತ್ತಿದ್ದಳು.

ಅದೇ ಹೊತ್ತಿಗೆ ಮ್ಯಾನೇಜರ್ ಬಂದು ಅದೇ ಬಣ್ಣದ ಒಂದು ಕಟ್ಟನ್ನು ಬಲಕ್ಕಿಟ್ಟರು. "ದೂರಿನ ರಿಜಿಸ್ಟರು. ಹೆಡ್ಡಾಫೀಸಿಗೆ, ಅರ್ಜೆಂಟು" ಎಂದು ವಿಳಾಸದ ಚೀಟಿಯನ್ನು ಸೀಲಕ್ಕನ ಕೈಗೆ ಕೊಟ್ಟು ಹೋದರು. ತೂಕದಣ್ಣ ಗಿರಾಕಿಯೊಬ್ಬನ ಸೈಕಲ್ಲಿನ ಚಕ್ರ ತೂಗುವುದರಲ್ಲಿ ಮುಳುಗಿದ್ದ. ಸೀಲಕ್ಕ ಎಡಗಡೆಯ ಕಟ್ಟೆತ್ತಿ ಚೀಟಿ ಅಂಟಿಸಿ, ಸೀಲು ಗುದ್ದಿ, ಚೀಲಕ್ಕೆಸೆದಳು. ಗುರಿ ಅವತ್ತೂ ತಪ್ಪಲಿಲ್ಲ. ಮೂರೂವರೆಯ ವ್ಯಾನು ಹೊರಟಿತು.

ಐದಕ್ಕೆ ಐದು ನಿಮಿಷವಿರುವಾಗ ತೂಕದಣ್ಣ ತಲೆ ಬಾಚಿಕೊಂಡು ಎಡಕ್ಕೆ ಕೈ ಚಾಚಿದ. ಮೇಜು ಬರಿದು. ಬಲಕ್ಕೆ ಗಿರಾಕಿಗಳ ಮೂಟೆಗಳ ಹಿಂದೆ ರಿಜಿಸ್ಟರಿನ ಕಟ್ಟು ಹಾಯಾಗಿ ಕೂತಿತ್ತು. ಅವನೂ ಸೀಲಕ್ಕನೂ ಒಬ್ಬರ ಮುಖ ಒಬ್ಬರು ನೋಡಿದರು.

"ಅಯ್ಯೋ ನನ್ನ ಕೈಗಿಷ್ಟು!" ಎಂದು ಸೀಲಕ್ಕ ಹಣೆ ಬಡಿದುಕೊಂಡಳು. "ನಡಿ ಅಣ್ಣ, ನಾನೂ ಬರ್ತೀನಿ. ತಪ್ಪು ನಂದು ಅಂತ ಹೇಳ್ತೀನಿ."

"ಬೇಡ. ಎಡಕ್ಕಿಟ್ಟವನು ನಾನು" ಎಂದು ಅವನು ಬರಿಗೈಲಿ ಮೆಟ್ಟಿಲು ಹತ್ತಿದ. ಗೋದಾಮಿಗೆ ಇಳಿಯುವವನು ಮೇಲಕ್ಕೆ ಹತ್ತುತ್ತಿದ್ದಾನಲ್ಲ ಎಂದು ಆ ಹೊತ್ತಿನಲ್ಲೂ ಅವನಿಗೆ ನಗು ಬಂತು.

"ಎಲ್ರೀ ಪುಸ್ತಕ?" ಎಂದರು ಮ್ಯಾನೇಜರ್.

ಅವನು ಬಾಯಿ ತೆರೆಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹೆಡ್ಡಾಫೀಸಿನ ದೊಡ್ಡ ಸಾಹೇಬರು. ಅವರದು ಬಾಗಿಲಾಚೆಗೂ ಕೇಳುವ ಕಂಠ.

"ಏನ್ರೀ ಮ್ಯಾನೇಜರ್ರೇ! ನಿಮ್ಮ ಪಾರ್ಸೆಲ್ ಬಿಚ್ಚಿದೆ. ರಿಟೈರಾಗೋಕೆ ಎರಡು ವರ್ಷ ಇರೋವಾಗ ವೆಬ್‌ಸೈಟ್ ಕಲಿಯೋಕೆ ಕೂತಿದ್ದೀರಾ? ಒಂದಲ್ಲ, ಮೂರು ಪುಸ್ತಕ! ನನ್ನ ಒಪ್ಪಿಗೆ ಕೇಳೋಕೆ ತಾನೆ ಕಳಿಸಿದ್ದು?"

ಮ್ಯಾನೇಜರ್ ಫೋನನ್ನು ನೋಡಿದರು, ತೂಕದಣ್ಣನನ್ನು ನೋಡಿದರು. ಹೊಗಳಿಕೆ ಕೇಳಿ ಅವರಿಗೆ ಎಷ್ಟು ಕಾಲವಾಗಿತ್ತೋ ಏನೋ. "ಹೌದು ಸಾರ್... ಏನೋ ಒಂದು ಆಸೆ ಸಾರ್" ಎಂದುಬಿಟ್ಟರು.

"ಭೇಷ್! ಹೊರಗಿನೋರು, ಒಳಗಿನೋರು ಯಾರೂ ಬೇಡ. ನೀವೇ ಮಾಡಿ. ಮೂರು ತಿಂಗಳಲ್ಲಿ ನಾನೇ ಬಂದು ನೋಡ್ತೀನಿ. ಆ ಕಿಟಕಿ ಪಕ್ಕದ ಕುರ್ಚಿ ನಿಮಗೇ. ಪುಸ್ತಕ ನಾಳೆ ಒಂಬತ್ತರ ವ್ಯಾನಿಗೆ ಕಳಿಸ್ತೀನಿ."

ಫೋನಿಟ್ಟ ಮ್ಯಾನೇಜರ್ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ಮುಖ ಬಿಳಿಚಿತ್ತು.

"ಆ ಪುಸ್ತಕ ನಿಮ್ದಾ?"

"ಹೌದು ಸಾರ್."

"ನಿಮಗೆ ಏನಾದ್ರೂ ಬರುತ್ತಾ?"

"ಮೂರು ಸಾಲು ಬರುತ್ತೆ ಸಾರ್."

"ನನಗಿಂತ ಮೂರು ಸಾಲು ಮುಂದಿದ್ದೀರಿ" ಎಂದು ಅವರು ದನಿ ತಗ್ಗಿಸಿದರು. "ನಾಳೆಯಿಂದ ಬೆಳಿಗ್ಗೆ ಎಂಟಕ್ಕೆ ಬನ್ನಿ. ನಂಗೆ ಹೇಳ್ಕೊಡಿ. ಯಾರಿಗೂ ಗೊತ್ತಾಗ್ಬಾರ್ದು."

"ಹಾಗಾದ್ರೆ ನನ್ನ ಗೋದಾಮು ಸಾರ್?"

"ನಿಮ್ಮನ್ನ ಗೋದಾಮಿಗೆ ಹಾಕಿದ್ರೆ ನನ್ನ ಗತಿ ಏನ್ರೀ? ಹೊಸ ಯಂತ್ರ ಬೇಡ ಅಂತ ಇವತ್ತೇ ಬರೀತೀನಿ. ನೀವು ಎಲ್ಲಿದ್ದೀರೋ ಅಲ್ಲೇ ಇರಿ, ಕೂಗಿದ್ರೆ ಕೇಳೋ ಹಾಗೆ."

ತೂಕದಣ್ಣ ಕೆಳಗಿಳಿದು ಬಂದು ತನ್ನ ಹಳೇ ಸ್ಟೂಲಿನ ಮೇಲೆ ಕೂತ. ಕುರ್ಚಿ ಹೋಯಿತು, ಕಿಟಕಿ ಹೋಯಿತು, ಒಂದು ಗಂಟೆ ಕೆಲಸ ಹೆಚ್ಚಾಯಿತು. ಆದರೂ ಮಧ್ಯಾಹ್ನ ತೆರೆಯ ಮೇಲೆ ಮೂಡಿದ ಆ ಸಾಲು ನೆನಪಾಗಿ, ಸಿಟ್ಟು ಬರಬೇಕಾದ ಕಡೆ ಖುಷಿಯೇ ಬರುತ್ತಿತ್ತು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. "ಏನ್ರೀ, ಕುರ್ಚಿ ಸಿಕ್ತಾ?"

"ಕುರ್ಚಿ ಸಿಗ್ಲಿಲ್ಲ ಕಣೇ. ಒಬ್ಬ ವಿದ್ಯಾರ್ಥಿ ಸಿಕ್ಕಿದ್ದಾರೆ."

"ನಿಮಗೆ ವಿದ್ಯಾರ್ಥಿನಾ! ಪಾಠ ಯಾವಾಗಿಂದ?"

"ನಾಳೆ ಬೆಳಿಗ್ಗೆ ಎಂಟಕ್ಕೆ" ಎಂದು ತೂಕದಣ್ಣ ಚಪ್ಪಲಿ ಬಿಟ್ಟ. "ನನ್ನ ಪುಸ್ತಕ ಬರೋದು ಒಂಬತ್ತಕ್ಕೆ."