ದೇವರ ಪರಿಚಯ ಮಾಡಿಸುತ್ತಾ, ಕಾಗೆಗೆ ಕಾಯುತ್ತಾ

ನಮ್ಮ ಧರ್ಮದ ವಿಷಯ ನಾಲ್ಕು ಜನಕ್ಕೆ ತಿಳಿಸಿ ಹೇಳೋಣ ಅಂತ ನಾನು ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು ಪಕ್ಕದಲ್ಲಿ ನಿಂತು ಅದನ್ನು ಕೆಡಿಸಿದ್ದಾರೆ. ಒಮ್ಮೆಯೂ ತಪ್ಪಿಲ್ಲ.

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಸಾಲಾಗಿ ನಿಲ್ಲುವುದು, ಉಗುರು ತೋರಿಸುವುದು, ಬಾಯಿ ಮುಚ್ಚಿಕೊಂಡು ಅಗಿಯುವುದು, ಎಲ್ಲವನ್ನೂ ಸಿಸ್ಟರುಗಳು ಕಲಿಸಿದ್ದರು. ಮದುವೆಯಾಗಿ ಬಂದದ್ದು ಪಾಂಡವಪುರದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದವರ ಮನೆಗೆ. ಅಲ್ಲಿ ಬಾಯಿ ಮುಚ್ಚಿಕೊಂಡು ಅಗಿಯುವವರು ಯಾರೂ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಕೂರುವವರು ಮಾತ್ರ ಒಬ್ಬರಿದ್ದರು, ನಮ್ಮೆಜಮಾನರು.

ಹಬ್ಬ, ವ್ರತ, ದೇವಸ್ಥಾನಗಳ ವಿಷಯ ನಾನು ಅಜ್ಜಿಯ ಸೆರಗು ಹಿಡಿದು ಕಲಿತವಳಲ್ಲ. ಪುಸ್ತಕ ಓದಿ, ಅರ್ಚಕರನ್ನು ಕೇಳಿ ಕಲಿತೆ. ಆದ್ದರಿಂದ ತಪ್ಪಿಲ್ಲದೆ ಬರುತ್ತದೆ. ಇಂಗ್ಲಿಷೂ ಬರುತ್ತದೆ. ಹೀಗಾಗಿ ಊರಿಗೆ ವರ್ಗವಾಗಿ ಬಂದ ಅಧಿಕಾರಿಗಳ ಹೆಂಡತಿಯರು, ಮಂಡಿಗೆ ಬಂದ ಹೊರರಾಜ್ಯದ ವ್ಯಾಪಾರಿಗಳ ಮನೆಯವರು, ಯಾರೇ ಬರಲಿ, "ಮೇಡಂ ಎಲ್ಲ ತೋರಿಸಿ ಹೇಳ್ತಾರೆ" ಅಂತ ನನ್ನ ಬಳಿ ಕಳಿಸುತ್ತಿದ್ದರು. ನಮ್ಮೆಜಮಾನರು ಕಾರು ಓಡಿಸುತ್ತಿದ್ದರು. ಮನೆಗೆ ಬಂದ ಮೇಲೆ, "ನಾನು ಹೇಳಿದ್ದು ಹೇಗಿತ್ತು?" ಅಂತ ಕೇಳಿದರೆ, "ಪರ್ವಾಗಿಲ್ಲ" ಅನ್ನುತ್ತಿದ್ದರು. ಸೀರೆ ಹೇಗಿದೆ ಅಂದರೂ ಪರ್ವಾಗಿಲ್ಲ. ಅಡುಗೆ ಹೇಗಿದೆ ಅಂದರೂ ಪರ್ವಾಗಿಲ್ಲ. ನಾನು ಬಂದ ಮೇಲೆ ಆ ಮನೆಯಲ್ಲಿ ಮಾಂಸದಡುಗೆ ನಿಲ್ಲಿಸಿದ್ದೆ; ವಾಸನೆ ನನಗಾಗದು. ಅದಕ್ಕೂ ಅವರು ಹೇಳಿದ್ದು ಅಷ್ಟೇ. ಆ ಬಾಯಿಂದ ಇನ್ನೊಂದು ಮಾತು ಹೊರಡಿಸಬೇಕು ಅನ್ನುವ ಒಂದೇ ಹಟದಲ್ಲಿ ನನ್ನ ಸಂಸಾರ ಮುಗಿಯಿತು.

ಎಳ್ಳು

ಮದುವೆಯಾದ ಮೇಲೆ ಮೊದಲ ಸಂಕ್ರಾಂತಿ. ಎಳ್ಳು ಬೀರಬೇಕು ಅಂದರು. ಒಂದೇ ಚಮಚದಲ್ಲಿ ಅಳೆದು, ಯಾವ ಮನೆಗೂ ಹೆಚ್ಚು ಕಡಿಮೆಯಾಗದ ಹಾಗೆ ಪೊಟ್ಟಣ ಕಟ್ಟಿ, ಮಂಡಿಯ ಆಳಿನ ಕೈಯಲ್ಲಿ ಬೀದಿಗೆಲ್ಲ ಕಳಿಸಿದೆ. ಕತ್ತಲಾದರೂ ನಮ್ಮ ಮನೆಗೆ ಎಳ್ಳು ಕೊಡಲು ಒಬ್ಬಳೂ ಬರಲಿಲ್ಲ.

ನಮ್ಮೆಜಮಾನರ ಅಕ್ಕ ಹಬ್ಬಕ್ಕೆ ತವರಿಗೆ ಬಂದಿದ್ದರು. ಅವರನ್ನು ಕೆ.ಆರ್. ಪೇಟೆಗೆ ಕೊಟ್ಟಿತ್ತು. ನಾನು ಅತ್ತಿಗೆ ಅನ್ನುತ್ತೇನೆ.

"ಯಾರ್ ಕೈಲಿ ಕಳ್ಸ್‌ದವ್ವಾ?" ಅಂದರು.

"ಆಳಿನ ಕೈಲಿ."

"ಅಯ್ಯೋ ನನ್ನವ್ವ! ಎಳ್ಳು ಬೀರಾದು ಅಂದ್ರೆ ರೇಷ್ಮೆ ಸೀರೆ ಉಟ್ಕಂಡು ಮನೆಮನೇಲೂ ಕುಂತು, ಅವ್ರ ಸೊಸೇರ ಮ್ಯಾಲೆ ಚಾಡಿ ಕೇಳ್ಕಂಡು ಬರಾದು. ನೀನ್ ಮಾಡಿರಾದು ಸೊಸೈಟಿ ರೇಷನ್ನು."

ನಾನು ಯಜಮಾನರ ಮುಖ ನೋಡಿದೆ.

"ಬುಡಕ್ಕ, ಪರ್ವಾಗಿಲ್ಲ. ಸಕ್ಕರೆ ಅಚ್ಚು ಮಾತ್ರ ಬಲು ಚೆನ್ನಾಗಿದ್ದೋ" ಅಂದರು.

ಸಕ್ಕರೆ ಅಚ್ಚು ಹುಯ್ದು ತಂದವರು ಅತ್ತಿಗೆ.

ಮಲಗಿದ ದೇವರು

ಶ್ರೀರಂಗಪಟ್ಟಣಕ್ಕೆ ಒಬ್ಬ ಬ್ಯಾಂಕ್ ಮ್ಯಾನೇಜರ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೆ. ಉತ್ತರದ ಕಡೆಯವರು, ಆದರೂ ಊರಿಗೆ ಬಂದು ಕನ್ನಡ ಕಲಿಯುತ್ತಿದ್ದರು. ರಂಗನಾಥನ ದರ್ಶನ ಮಾಡಿ ಹೊರಗೆ ಬಂದ ಮೇಲೆ, ಹಾವಿನ ಹಾಸಿಗೆ ಯಾಕೆ, ಯೋಗನಿದ್ರೆ ಅಂದರೇನು, ಅದು ನಮ್ಮ ನಿಮ್ಮ ನಿದ್ದೆಯಂತಲ್ಲ, ಲೋಕವನ್ನೆಲ್ಲ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡ ಎಚ್ಚರ ಅಂತ ಬಿಡಿಸಿ ಹೇಳಿದೆ. ಆಕೆ ಎಲ್ಲ ಕೇಳಿಸಿಕೊಂಡು, "ಮತ್ತೆ ಏಳುವುದು ಯಾವಾಗ?" ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ತುಳಸಿ ಮಾರುತ್ತಿದ್ದ ಹೆಂಗಸು, "ಯಾಕವ್ವಾ ಏಳುಸ್ತೀರಿ? ಎದ್ರೆ ಎಲ್ರುನೂ ಇಚಾರಿಸ್ಕತಾನೆ. ಮಲಗಿರ್ಲಿ ಬುಡಿ" ಅಂದಳು.

ನಮ್ಮೆಜಮಾನರು ನಕ್ಕರು. ಹಲ್ಲು ಕಾಣುವ ಹಾಗೆ, ಹೊಟ್ಟೆ ಕುಲುಕುವ ಹಾಗೆ ನಕ್ಕರು. ಅವರ ಬಲಗಡೆಯ ದವಡೆ ಹಲ್ಲೊಂದು ಬಿದ್ದುಹೋಗಿದೆ ಅನ್ನುವುದು ನನಗೆ ಗೊತ್ತಾದದ್ದು ಆವತ್ತೇ. ಅದನ್ನು ತೋರಿಸಿಕೊಟ್ಟದ್ದಕ್ಕೆ ನಾನೂ ಅವಳ ಹತ್ತಿರ ಒಂದು ಮೊಳ ತುಳಸಿ ತೆಗೆದುಕೊಂಡೆ.

ಐದು ಲಿಂಗ

ಕಾನ್ವೆಂಟಿನಲ್ಲಿ ನನ್ನ ಜೊತೆ ಓದಿದ ಗೋವಾದ ಗೆಳತಿಯೊಬ್ಬಳಿದ್ದಾಳೆ. ಕ್ರಿಶ್ಚಿಯನ್. ನಮ್ಮ ನಂಬಿಕೆಗಳನ್ನು ತಿಳಿಯಬೇಕು ಅಂತ ಆಸೆ, ಆದರೆ ಹಾಸ್ಟೆಲ್ಲಿನಲ್ಲಿ ಇಂಗ್ಲಿಷಿನಲ್ಲೇ ಬೆಳೆದವಳು, ಕನ್ನಡದ ಒಂದು ಅಕ್ಷರ ಬಾರದು. ಅವಳನ್ನು ಕೆ.ಆರ್. ಪೇಟೆ ಕಡೆಯ ಗೋವಿಂದನಹಳ್ಳಿಗೆ ಕರೆದೊಯ್ದೆ. ಒಂದೇ ಸಾಲಿನಲ್ಲಿ ಐದು ಗರ್ಭಗುಡಿ, ಐದು ಲಿಂಗ. ಸದ್ಯೋಜಾತ, ವಾಮದೇವ, ಅಘೋರ, ತತ್ಪುರುಷ, ಈಶಾನ, ಹೀಗೆ ಶಿವನ ಐದು ಮುಖಗಳು ಅಂತ ಒಂದೊಂದರ ಮುಂದೆಯೂ ನಿಲ್ಲಿಸಿ ಇಂಗ್ಲಿಷಿನಲ್ಲಿ ಹೇಳಿದೆ.

ಕಂಬಕ್ಕೆ ಒರಗಿ ಕೂತಿದ್ದ ಮುದುಕಿ ಕೇಳಿದಳು, "ಏನಂತವ್ವಾ, ಅಷ್ಟೊತ್ತಿಂದ ಏಳ್ತಾ ಇದ್ದೀಯೆ?"

"ಶಿವ ಐದು ಕಡೆ ಯಾಕೆ ಇದ್ದಾನೆ ಅಂತ ಹೇಳ್ತಿದ್ದೀನಿ."

"ಅದ್ಕೆ ಇಷ್ಟೊಂದ್ ಮಾತಾ? ಒಬ್ಬ ಕೇಳ್ದೆ ಓದ್ರೆ ಇನ್ನೊಬ್ಬ ಕೇಳ್ಲಿ ಅಂತ ಅವ್ನೆ. ನಮ್ಮನೇಲಿ ಇರಾನು ಒಬ್ನೇ, ಅವ್ನೂ ಕೇಳಾಕಿಲ್ಲ."

ಗೆಳತಿ ಕಣ್ಣರಳಿಸಿ, "ಆಕೆ ಏನು ಹೇಳಿದಳು?" ಅಂದಳು.

"ಐದಾದರೂ ತತ್ವ ಒಂದೇ ಅಂತ ಹೇಳುತ್ತಿದ್ದಾಳೆ" ಅಂದೆ. ಹಿಂದೆ ತಿರುಗಿ ನೋಡಿದರೆ ನನ್ನ ತತ್ವ ಕಾರಿನಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿತ್ತು.

ಹೂವಿನ ಅಪ್ಪಣೆ

ಯಜಮಾನರಿಗೆ ಎದೆನೋವು ಬಂತು. ಆಪರೇಷನ್ ಆಗಬೇಕು ಅಂದರು ಡಾಕ್ಟರು. ದೇವಿಯ ಅಪ್ಪಣೆಯಿಲ್ಲದೆ ಕತ್ತಿ ಹಾಕಿಸುವ ಹಾಗಿಲ್ಲ ಅಂದರು ಅತ್ತಿಗೆ. ಅವರ ತವರಿನ ಮನೆದೇವರು ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ದೇವಿಯ ಎರಡು ಹೆಗಲ ಮೇಲೂ ಹೂವು ಅಂಟಿಸಿ ಪ್ರಶ್ನೆ ಕೇಳುತ್ತಾರೆ. ಬಲಗಡೆಯದು ಬಿದ್ದರೆ ಒಳ್ಳೆಯದಾಗುತ್ತದೆ, ಎಡಗಡೆಯದು ಬಿದ್ದರೆ ಇಲ್ಲ.

ಎಡಗಡೆಯದು ಬಿತ್ತು.

ಪೂಜಾರಿ ತಲೆ ತಗ್ಗಿಸಿದ. ನಾನು ಕೈ ಮುಗಿದುಬಿಟ್ಟೆ. ಇವನ್ನೆಲ್ಲ ನಂಬುವವಳಲ್ಲ ನಾನು, ಆದರೂ ಮುಗಿದೆ. ಅತ್ತಿಗೆ ಮಾತ್ರ ಕದಲಲಿಲ್ಲ.

"ಏಯ್ ಪೂಜಾರಪ್ಪಾ, ಫ್ಯಾನ್ ಆರ್ಸ್‌ಲಾ. ಗಾಳಿಗ್ ಬಿದ್ದದ್ದು ಲೆಕ್ಕಕ್ಕಿಲ್ಲ."

ಫ್ಯಾನು ಆರಿಸಿದರು. ಮತ್ತೆ ಎಡಗಡೆಯದೇ ಬಿತ್ತು.

"ಬಲಗಡೆದ್ಕೆ ನೀರ್ ಜಾಸ್ತಿ ಆಕಿದ್ದೀಯೆ, ಅಂಟ್ಕಂಡದೆ. ಒಣಗಿರಾದ್ ಮಡಗು."

ಮೂರನೆಯ ಸಲ ಬಲಗಡೆಯದು ಬಿತ್ತು. ಅತ್ತಿಗೆ ಅಡ್ಡಬಿದ್ದು ಎದ್ದರು.

"ಅತ್ತಿಗೆ, ಒಂದು ಪ್ರಶ್ನೆಗೆ ಒಂದೇ ಉತ್ತರ. ಹೀಗೆ ಬದಲಾಯಿಸಿ ಕೇಳುವಂತಿಲ್ಲ" ಅಂದೆ.

"ಸುಮ್ಕಿರವ್ವಾ. ಅವ್ಳಿಗೂ ವಯಸ್ಸಾಗದೆ. ಜೋರಾಗಿ ಕೇಳ್ಬೇಕು."

ಆಪರೇಷನ್ ಚೆನ್ನಾಗಿಯೇ ಆಯಿತು ಅಂತ ಡಾಕ್ಟರು ಹೇಳಿದರು. ಎಚ್ಚರವಾದಾಗ, "ಹೇಗಿದೆ?" ಅಂತ ಕೇಳಿದೆ. "ಪರ್ವಾಗಿಲ್ಲ" ಅಂದರು. ಮರುದಿನ ಹೋಗಿಬಿಟ್ಟರು. ಆ ಮಾತನ್ನು ಅವರು ತಪ್ಪಾಗಿ ಬಳಸಿದ್ದು ಅದೊಂದೇ ಸಲ.

ಹೊಳೆಯಲ್ಲಿ

ಅಸ್ಥಿ ಬಿಡಲು ಪಶ್ಚಿಮವಾಹಿನಿಗೆ ಹೋದೆವು. ಹೆಂಗಸರು ಬರಬಾರದು ಅಂದರು, ನಾನು ಹೋದೆ. ಅತ್ತಿಗೆಯ ಮಗ ನೀರಿಗಿಳಿದಿದ್ದ. ನಾನೂ ಅತ್ತಿಗೆಯೂ ಮೆಟ್ಟಿಲ ಮೇಲೆ ಕೂತಿದ್ದೆವು. ನಾನು ಪ್ರತಿ ಮಂತ್ರಕ್ಕೂ ಅರ್ಥ ಕೇಳುತ್ತಿದ್ದೆ. ಪುರೋಹಿತರು ಎರಡು ಸಲ ಹೇಳಿದರು. ಮೂರನೆಯ ಸಲ, "ಅಮ್ಮಾ, ಹೋದವರಿಗೆ ಅರ್ಥವಾದರೆ ಸಾಕು" ಅಂದರು.

ಆಮೇಲೆ ಅವರೇ ಕೇಳಿದರು, "ಯಜಮಾನ್ರಿಗೆ ಬಲು ಇಷ್ಟವಾದ ತಿನಿಸು ಯಾವುದಮ್ಮ? ತಿಥಿಯ ದಿನ ಎಲೆಗೆ ಇಡಬೇಕು."

"ಎಲ್ಲಾನೂ ತಿಂತಿದ್ದರು."

"ಎಲ್ಲಾನೂ ಇಡೋಕಾಗಲ್ಲ. ಒಂದು ಹೇಳಿ."

ಅಷ್ಟು ವರ್ಷ ಎದುರಿಗೆ ಕೂತು ಬಡಿಸಿದವಳು ನಾನು. ಒಂದೂ ನೆನಪಿಗೆ ಬರಲಿಲ್ಲ. ಯಾವುದಕ್ಕೂ ಅವರ ಮುಖ ಅರಳಿದ್ದು ಕಣ್ಣಿಗೆ ಕಟ್ಟಲಿಲ್ಲ. ಹಿಂದೆ ಇನ್ನೊಂದು ಕುಟುಂಬ ಮಡಕೆ ಹಿಡಿದು ಕಾಯುತ್ತಿತ್ತು. ಭಾನುವಾರದ ಊಟಕ್ಕೆ ನಾನು ತಪ್ಪದೆ ಮಾಡುತ್ತಿದ್ದದ್ದನ್ನು ಹೇಳಿಬಿಟ್ಟೆ.

"ಕಸ್ಟರ್ಡ್."

ಪುರೋಹಿತರು ತಡವರಿಸಿದರು. "ಅದು... ಕರಿದದ್ದಾ?"

"ಅಲ್ಲ. ಪಾಯಸದ ಜಾತಿ."

ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊಳೆಯ ಕಡೆ ತಿರುಗಿದರು. ಹೆಗಲು ಕುಲುಕುತ್ತಿತ್ತು. ಪಾಪ, ತಮ್ಮನಿಗಾಗಿ ಅಳುತ್ತಿದ್ದಾರೆ ಅಂತ ನಾನೇ ಅವರ ಬೆನ್ನು ಸವರಿ ಸಮಾಧಾನ ಮಾಡಿದೆ.

ಎಡೆ

ಪಿತೃಪಕ್ಷ ಬಂತು. ನಮ್ಮ ಸೀಮೆಯಲ್ಲಿ ಸತ್ತವರ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಅದರಲ್ಲೊಂದು ಪಾಲನ್ನು ಮಹಡಿಯ ಮೇಲೆ ಕಾಗೆಗೆ ಇಡುತ್ತಾರೆ. ಕಾಗೆ ಮುಟ್ಟಿದರೆ ಸತ್ತವರು ತೃಪ್ತಿಯಾಗಿ ಉಂಡರು ಅಂತ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಎಲೆಗೆ ಕೈ ಹಾಕುವ ಹಾಗಿಲ್ಲ. ಉಂಡದ್ದು ಕುರಿ ಕೋಳಿಯ ಬಾಡಾದರೆ ಬಾಡು, ಕುಡಿದದ್ದು ಬ್ರಾಂದಿಯಾದರೆ ಬ್ರಾಂದಿ, ಎಲ್ಲ ಇಡುತ್ತಾರೆ. ಅತ್ತಿಗೆ ಹಿಂದಿನ ದಿನವೇ ಬಂದು ಬಾಡಿನ ಮಾತೆತ್ತಿದರು. ನನ್ನ ಮನೆಯಲ್ಲಿ ಸತ್ತವರೂ ಶಿಸ್ತಾಗಿರಬೇಕು ಅಂತ ಹೇಳಿ ಬಾಯಿ ಮುಚ್ಚಿಸಿದೆ.

ಗೋವಾದ ಗೆಳತಿಯೂ ಬಂದಿದ್ದಳು. ಅವಳಿಗೆ ಈ ಹಬ್ಬದ ಪರಿಚಯ ಮಾಡಿಸುತ್ತೇನೆ ಅಂತ ನಾನೇ ಕರೆಸಿದ್ದೆ. ಕಾಗೆ ಪಿತೃಗಳ ರೂಪ ಅನ್ನುವುದನ್ನೆಲ್ಲ ವಿವರಿಸಿ, ಮಹಡಿಗೆ ಕರೆದುಕೊಂಡು ಹೋಗಿ ಎಲೆ ಇಟ್ಟೆ. ಅನ್ನ, ತೊವ್ವೆ, ಪಲ್ಯ, ಹಪ್ಪಳ, ಮಧ್ಯದಲ್ಲಿ ಗಾಜಿನ ಬಟ್ಟಲಲ್ಲಿ ಕಸ್ಟರ್ಡ್.

ಕಾಗೆಗಳು ಬಂದವು. ನೀರಿನ ಟ್ಯಾಂಕಿನ ಮೇಲೆ ಸಾಲಾಗಿ ಕೂತವು. ನನ್ನ ಎಲೆಯನ್ನು ಒಂದು ಕಣ್ಣಲ್ಲಿ ನೋಡಿದವು, ಕತ್ತು ತಿರುಗಿಸಿ ಇನ್ನೊಂದು ಕಣ್ಣಲ್ಲಿ ನೋಡಿದವು. ಆಮೇಲೆ ಒಟ್ಟಿಗೆ ಎದ್ದು ಪಕ್ಕದ ಮನೆಯ ಮಹಡಿಗೆ ಹಾರಿದವು. ಅಲ್ಲಿ ಬಾಡು.

ಅತ್ತಿಗೆ, "ಕಾ, ಕಾ, ಬಾಪ್ಪಾ, ಬಂದ್ ಉಣ್ಣಪ್ಪಾ" ಅಂತ ಕೂಗಿದರು. ಬರಲಿಲ್ಲ. ಕೆಳಗೆ ನೆಂಟರ ಮಕ್ಕಳು ಹಸಿವಿಗೆ ಅಳಲು ಶುರುಮಾಡಿದವು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಮೇಡಂ, ನಮ್ದು ಆಗೋಯ್ತು. ಉಂಡಿರೋವ್ನೇ ಒಂದೆರಡ್ ಓಡುಸ್ಲಾ ನಿಮ್ ಕಡೀಕೆ?" ಅಂದಳು.

"ಬೇಡ" ಅಂದೆ.

ಗೆಳತಿ ಮೆಲ್ಲಗೆ ಕೇಳಿದಳು, "ಕಾಗೆ ಮುಟ್ಟದಿದ್ದರೆ ಏನು ಅರ್ಥ?"

ಧರ್ಮದ ವಿಷಯದಲ್ಲಿ ನಾನು ಯಾರಿಗೂ ಅರ್ಧ ಉತ್ತರ ಕೊಟ್ಟವಳಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದೆ, "ಹೋದವರಿಗೆ ಮನೆಯ ಮೇಲೆ ಏನೋ ಅಸಮಾಧಾನ ಇದೆ ಅಂತ ಅರ್ಥ."

ಬಿಸಿಲೇರಿತು. ಕಸ್ಟರ್ಡಿನ ಮೇಲೆ ಕೆನೆ ಕಟ್ಟಿತು. ಅತ್ತಿಗೆ ನನ್ನ ಮುಖ ನೋಡಿದರು, ಎಲೆ ನೋಡಿದರು, ಸೆರಗಿನ ಮರೆಯಿಂದ ಒಂದು ಸ್ಟೀಲಿನ ಡಬ್ಬಿ ತೆಗೆದರು.

"ಬಯ್ಕಬೇಡ ಕಣವ್ವಾ. ಬೋಟಿ ಗೊಜ್ಜು. ಮನೇಲೇ ಮಾಡ್ಕಂಡ್ ಬಂದಿದ್ದೆ."

"ಬೋಟಿ? ಕುರಿಯ ಕರುಳು?"

"ಊಂ. ವಾರ್‌ವಾರ ಸಂತೆ ಅಂತ ಬರ್ತಿರ್ಲಿಲ್ವಾ ನಮ್ಮೂರ್ಗೆ? ಸಂತೆ ಎಲ್ ಬಂತು, ಸೀದಾ ನಮ್ಮನೇಗ್ ಬಂದು ಮುದ್ದೆ, ಬೋಟಿ ಗೊಜ್ಜು ಉಂಡ್ಕಂಡು ಓಗ್ತಿದ್ದ. 'ಅವ್ಳಿಗ್ ಏಳ್ಬೇಡ ಕಣಕ್ಕಾ, ನೊಂದ್ಕತಾಳೆ' ಅಂತಿದ್ದ."

ನನಗೆ ಒಂದೇ ಒಂದು ವಿಷಯ ತಿಳಿಯಬೇಕಿತ್ತು. "ಗೊಜ್ಜು ಹೇಗಿದೆ ಅಂತ ನೀವು ಕೇಳಿದರೆ ಏನು ಅನ್ನುತ್ತಿದ್ದರು?"

"ಏನಂತಾನೆ? ಕೇಳಾಕ್ ಮುಂಚೇನೇ 'ಇನ್ನೊಂದ್ ಸೌಟ್ ಆಕಕ್ಕಾ' ಅಂತಿದ್ದ."

ನಾನು ಪಕ್ಕಕ್ಕೆ ಸರಿದು ನಿಂತೆ. ಅತ್ತಿಗೆ ಎಲೆಯ ಮೇಲೆ ಗೊಜ್ಜು ಸುರಿದರು. ಅವರ ಕೈ ಹಿಂದಕ್ಕೆ ಬಂದಿರಲಿಲ್ಲ, ಒಂದು ಕಾಗೆ ಆಕಾಶದಿಂದ ಬಿದ್ದ ಹಾಗೆ ಬಂದು ಕೂತಿತು. ಕತ್ತೆತ್ತದೆ ತಿಂದಿತು. ಎಲೆಗಂಟಿದ ಮಸಾಲೆಯನ್ನೂ ಬಿಡಲಿಲ್ಲ. ಅತ್ತಿಗೆ ಕಣ್ಣೊರೆಸಿಕೊಳ್ಳುತ್ತಾ, "ಉಂಡ ಕಣವ್ವಾ, ಹೊಟ್ಟೆ ತುಂಬ ಉಂಡ" ಅಂದರು. ಈ ಸಲ ನಿಜವಾಗಿಯೂ ಅಳುತ್ತಿದ್ದರು. ನಾನು ಬೆನ್ನು ಸವರಲಿಲ್ಲ.

ಕಾಗೆ ಇನ್ನೇನು ಹಾರಬೇಕು, ಯಾಕೋ ನಿಂತಿತು. ನನ್ನ ಕಡೆ ನೋಡಿತು. ಎರಡು ಹೆಜ್ಜೆ ಕುಪ್ಪಳಿಸಿ ಗಾಜಿನ ಬಟ್ಟಲಿಗೆ ಕೊಕ್ಕು ಅದ್ದಿತು. ಒಂದೇ ಸಲ. ಕೊಕ್ಕನ್ನು ಎಲೆಯ ಅಂಚಿಗೆ ಆ ಕಡೆ ಈ ಕಡೆ ಚೆನ್ನಾಗಿ ಒರೆಸಿಕೊಂಡು ಹಾರಿಹೋಯಿತು.

ಗೆಳತಿ ಕೈ ತಟ್ಟಿದಳು. "ಕೊನೆಗೂ ನೀನು ಮಾಡಿದ್ದನ್ನು ಮುಟ್ಟಿತು! ಈಗ ಏನು ಹೇಳಿದ ಹಾಗಾಯಿತು?"

ಸೀರೆಯ ನೆರಿಗೆ ಸರಿಮಾಡಿಕೊಂಡು ಹೇಳಿದೆ, "ಪರವಾಗಿಲ್ಲವಂತೆ."