ಗಿಳಿಯ ಕೊಕ್ಕಿಗೆ ಬ್ಯಾಡಗಿ ಬಣ್ಣ

ಬ್ಯಾಡಗಿಯಲ್ಲಿ ಸಂಸಾರ ಹೂಡಿದವರಿಗೆ ಒಂದು ಅನುಕೂಲವಿದೆ: ಅತ್ತರೆ ಯಾರೂ ಕಾರಣ ಕೇಳುವುದಿಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಿ ಊರ ಗಾಳಿಗೇ ಘಾಟು. ಸೊಸೆ ಅತ್ತರೂ ಘಾಟು, ಅತ್ತೆ ಅತ್ತರೂ ಘಾಟು. ಸೆರಗಿನಿಂದ ಮೂಗೊರೆಸಿಕೊಂಡು ಒಗ್ಗರಣೆ ಹಾಕಲು ಹೋದರಾಯಿತು. ಮದುವೆಯಾದ ಹೊಸದರಲ್ಲಿ ತವರು ನೆನೆದು ನಾನು ಧಾರಾಳವಾಗಿ ಅತ್ತಿದ್ದೇನೆ. ನಮ್ಮತ್ತೆ ಪಾಪ, ಹುಡುಗಿಗೆ ಇನ್ನೂ ಊರ ಗಾಳಿ ಒಗ್ಗಿಲ್ಲವೆಂದು ಕಿಟಕಿ ಮುಚ್ಚಿಸುತ್ತಿದ್ದರು. ರಾಣೇಬೆನ್ನೂರಿಗೆ ಕೊಟ್ಟ ನನ್ನ ಅಕ್ಕ ಅಂಬಕ್ಕನಿಗೆ ಈ ಅನುಕೂಲ ಇರಲಿಲ್ಲ. ಅದಕ್ಕೋ ಏನೋ, ಅವಳು ಅಳುವ ಪೈಕಿಯೇ ಅಲ್ಲ.

ನಮ್ಮಿಬ್ಬರಿಗೂ ಒಂದು ಹುಚ್ಚಿತ್ತು. ಸಂಕ್ರಮಣ ಬಂತೆಂದರೆ ಬಳಗಕ್ಕೆಲ್ಲ ಕುಸುರೆಳ್ಳಿನ ಪೊಟ್ಟಣದ ಜೊತೆ ಕೈಯಲ್ಲೇ ಮಾಡಿದ ಶುಭಾಶಯದ ಕಾರ್ಡು ಕಳಿಸುವುದು. ಎಂಬತ್ತರ ದಶಕದ ಕೊನೆಯ ಮಾತು. ಅಂಗಡಿಗಳಲ್ಲಿ ಗುಲಾಬಿ ಹೂವಿನ, ಮಿನುಗುಪುಡಿ ಉದುರುವ ಕಾರ್ಡುಗಳು ದಾರಕ್ಕೆ ತೂಗುಬಿದ್ದಿರುತ್ತಿದ್ದವು. ಅಂಬಕ್ಕ ಅವನ್ನು ಕಂಡರೆ ಮೂಗು ಮುರಿಯುವಳು. ಅವಳ ಹತ್ತಿರ ಹಾವೇರಿಯ ತಗಡಿನ ಕೆಲಸದವನಿಂದ ಮಾಡಿಸಿಕೊಂಡ, ಹರಿತ ಅಂಚಿನ ಗಿಳಿಯಚ್ಚು ಇತ್ತು. ದಪ್ಪ ಕಾಗದದ ಮೇಲೆ ಅದನ್ನಿಟ್ಟು ಕುಟ್ಟುವ ಕಲ್ಲಿನಿಂದ ಒಂದು ಏಟು ಹಾಕಿದರೆ ಅಖಂಡ ಗಿಳಿ ಎದ್ದು ಬರುತ್ತಿತ್ತು. ದಪ್ಪ ಕಾಗದವೆಂದರೆ ಹಳೆಯ ಲಗ್ನಪತ್ರಿಕೆ. ಹೀಗಾಗಿ ನಮ್ಮ ಗಿಳಿಗಳ ಬೆನ್ನ ಮೇಲೆ ಯಾರೋ ವರನ ಬಿ.ಎ. ಪದವಿ, ಯಾರದೋ ‘ಆಗಮನಾಭಿಲಾಷಿಗಳು’ ಕೂತಿರುತ್ತಿದ್ದರು. ಒಮ್ಮೆ ಕರ್ಜಗಿಯ ದೊಡ್ಡವ್ವ ಗಿಳಿಯನ್ನು ತಿರುವಿ ಓದಿ, ಲಗ್ನ ಯಾರದೆಂದು ತಿಳಿಯದಿದ್ದರೂ ಕುಪ್ಪಸದ ಖಣ ಹಿಡಿದು ಬಸ್ಸು ಹತ್ತಿ ಬಂದೇಬಿಟ್ಟಿದ್ದಳು. ಊಟ ಹಾಕಿ ಕಳಿಸಿದೆ. ಖಣ ಮಾತ್ರ ನಾನೇ ಇಟ್ಟುಕೊಂಡೆ.

ಕತ್ತರಿಸುವುದು ಅವಳ ಪಾಲು, ಮುದ್ರೆ ಒತ್ತುವುದು ನನ್ನದು. ಬೆಂಡೆಕಾಯಿ ಅಡ್ಡ ಕೊಯ್ದರೆ ರೆಕ್ಕೆಗೆ ಹೂವು. ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಬ್ಲೇಡಿನಿಂದ ಕೆತ್ತಿದರೆ ಹೊಟ್ಟೆಗೆ ‘ಒಳ್ಳೆ ಮಾತಾಡೂಣು’ ಎಂಬ ಅಕ್ಷರ. ಕೊಕ್ಕಿಗೆ ಗೋಂದಿನಲ್ಲಿ ಕಲಸಿದ ಕುಂಕುಮ. “ಚಪ್ಪಲಿಲೆ ಹಬ್ಬದ ಶುಭಾಶಯ ಹೇಳೂ ಮನಿ ನಮ್ಮದೊಂದ ನೋಡು” ಎಂದು ನಮ್ಮ ಮನೆಯವರು ನಗುತ್ತಿದ್ದರು. ಅಂಬಕ್ಕನ ಗಂಡನಂತೂ ನಾವು ಕೆಲಸಕ್ಕೆ ಕೂತರೆ ಅಂಗಡಿ ಬಿಟ್ಟು ಬಂದು, ಗೋಡೆಗೊರಗಿ, ಕೆಟ್ಟುಹೋದ ಗಿಳಿಗಳನ್ನೆಲ್ಲ ಆರಿಸಿಟ್ಟುಕೊಂಡು ಒಂದೊಂದಕ್ಕೂ ನಮ್ಮ ನೆಂಟರ ಹೆಸರಿಟ್ಟು ನಗುವವರು.

ಒಂದು ವರ್ಷ ಆಷಾಢದಲ್ಲಿ ಭಾವ ಊಟಕ್ಕೆ ಕೂತವರು ಏಳಲಿಲ್ಲ. ಅಂಬಕ್ಕ ಅಳಲಿಲ್ಲ. ಬಂದವರು ಅವಳನ್ನು ತಬ್ಬಿ ಅತ್ತರೆ ಅವಳೇ ಅವರ ಬೆನ್ನು ಸವರಿದಳು. ದಿನ ಕಳೆದಂತೆ ಮಾತೂ ನಿಂತಿತು, ಅನ್ನವೂ ಇಳಿಯದಾಯಿತು. ಅವಳ ಅತ್ತೆ, ಮಗನನ್ನು ಕಳೆದುಕೊಂಡ ಮುದುಕಿ, ನನ್ನ ಕೈ ಹಿಡಿದುಕೊಂಡು, “ಒಂದ ಸಲ ಅತ್ತರ ಹಗುರ ಆಕ್ಕಾಳ. ಹಿಂಗ ಕಲ್ಲಾಗಿ ಕುಂತರ ಆಕೀನೂ ಉಳಿಯೂದಿಲ್ಲವ್ವಾ” ಎಂದರು. ನಾನು ಮಾದರಿಗೆಂದು ಅವಳೆದುರು ಕೂತು ಜೋರಾಗಿ ಅತ್ತೆ. ಅವಳು ಎದ್ದುಹೋಗಿ ನನಗೆ ಒಂದು ತಂಬಿಗೆ ನೀರು ತಂದುಕೊಟ್ಟಳು.

ಸಂಕ್ರಮಣ ಹತ್ತಿರ ಬಂದಾಗ, ಬ್ಯಾಡಗಿಗೆ ಬರುವವರ ಕೈಯಲ್ಲಿ ಅವಳ ಗಿಳಿಯಚ್ಚು ಹಳೆಯ ಸೀರೆ ತುಂಡಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂತು. ಇನ್ನು ತನಗೆ ಬೇಡವಂತೆ. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಭಾವ ತೀರಿಕೊಂಡ ದಿನಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಸಾವಾದ ಮನೆಗೆ ವರ್ಷ ತುಂಬುವವರೆಗೆ ಹಬ್ಬವಿಲ್ಲ, ಕುಸುರೆಳ್ಳು ಹೋಗುವುದಿಲ್ಲ. ಎಳ್ಳು ಹೋಗದಿದ್ದರೆ ಬೇಡ, ಗಿಳಿಯಾದರೂ ಹೋಗಲೆಂದು ಕುಟ್ಟಲು ಕೂತೆ. ನನ್ನ ಏಟಿಗೆ ಒಂದಕ್ಕೆ ಬಾಲ ಹೋಯಿತು, ಒಂದಕ್ಕೆ ತಲೆಯೇ ಹೋಯಿತು. ಹೇಗೋ ಒಂದು ಉಳಿಯಿತು. ಕೊಕ್ಕಿಗೆಂದು ಕುಂಕುಮದ ಭರಣಿಗೆ ಕೈ ಹಾಕಿದರೆ ನಮ್ಮತ್ತೆ ತಡೆದರು. “ಗಂಡ ಹೋದಾಕಿಗೆ ಕುಂಕುಮ ಕಳಸ್ತಾರೇನ? ತಿಳೀಬಾರದ?” ಅವರು ಹೇಳಿದ್ದು ಲೋಕರೂಢಿಯೇ. ಆದರೆ ಬಿಳಿ ಕೊಕ್ಕಿನ ಗಿಳಿ ಸೂತಕ ಹಿಡಿದ ಪಾರಿವಾಳದಂತೆ ಕಂಡಿತು. ಅಂಥದ್ದನ್ನು ಅಕ್ಕನಿಗೆ ಕಳಿಸಲು ಮನಸ್ಸು ಬರಲಿಲ್ಲ. ಆಗ ಕಂಡದ್ದು ಅಟ್ಟದ ಮೇಲಿನ ಮೆಣಸಿನಕಾಯಿ ಚೀಲ. ಮೆಣಸಿನಕಾಯಿ ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲವೆಂದು ಯಾವ ಶಾಸ್ತ್ರವೂ ಹೇಳಿಲ್ಲ. ನೆನೆಸಿದೆ, ಅರೆದೆ, ಸೋಸಿದೆ, ಗೋಂದು ಬೆರೆಸಿ ಒತ್ತಿದೆ. ಕೆಂಪೆಂದರೆ ಕೆಂಪು. “ಕಾರ್ಡ ಕಳಸ್ತೀಯೋ, ಚಟ್ನಿ ಕಳಸ್ತೀಯೋ?” ಎಂದರು ನಮ್ಮ ಮನೆಯವರು. ಲಕೋಟೆ ಅಂಟಿಸಿ ಟಪಾಲಿಗೆ ಹಾಕಿಬಂದೆ.

ಹಬ್ಬ ಮುಗಿಸಿ ರಾಣೇಬೆನ್ನೂರಿಗೆ ಹೋದಾಗ ಅವಳ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಹಿಂದಿನ ದಿನ ಟಪಾಲು ಬಂದಾಗಿನಿಂದ ಅಂಬಕ್ಕ ಅಳುತ್ತಿದ್ದಾಳೆಂದು ಪಿಸುಗುಟ್ಟಿದರು. ಹೇಳುವಾಗ ಅವರ ಮುಖದಲ್ಲಿ, ದೇವರು ಕ್ಷಮಿಸಲಿ, ಸಂತೋಷವಿತ್ತು. ಒಳಗೆ ಅಂಬಕ್ಕ ಕಾರ್ಡು ಹಿಡಿದು ಕೂತಿದ್ದಳು. ಕಣ್ಣುಗಳು ಊದಿಕೊಂಡಿದ್ದವು. ನನ್ನ ಕಡೆ ನೋಡದೆಯೇ, “ಕೊಕ್ಕು ಬಾಲಕ್ಕ ಹಚ್ಚೀದಿ” ಎಂದಳು.

ಬಗ್ಗಿ ನೋಡಿದೆ. ಖರೆ. ನನ್ನ ಏಟಿಗೆ ಬಾಲ ಮೊಂಡಾಗಿ ತಲೆಯಂತೆ ಕಂಡಿತ್ತು. ನಾನು ಗಿಳಿಯನ್ನು ತಲೆಕೆಳಗು ಹಿಡಿದು ಬಾಲಕ್ಕೆ ಕೆಂಪು ಒತ್ತಿ, ಕುತ್ತಿಗೆಗೆ ‘ಒಳ್ಳೆ ಮಾತಾಡೂಣು’ ಮುದ್ರೆ ಹಾಕಿದ್ದೆ.

“ಇಷ್ಟ ವರ್ಷ ಮಾಡೀದಿ, ಗಿಳಿಗೆ ಮೂತಿ ಯಾವ ಕಡೆ ಅನ್ನೂದು ಗೊತ್ತಾಗಲಿಲ್ಲಲ್ಲ ನಿನಗ. ಅವರು ಇದನ್ನ ನೋಡಿದ್ರ ನಕ್ಕು ನಕ್ಕು ಸಾಯ್ತಿದ್ರು.”

ಆಡಿದ ಮಾತು ಅವಳ ಕಿವಿಗೆ ಆಮೇಲೆ ಬಿತ್ತು. ಅವಳ ಹೆಗಲು ಅಲುಗತೊಡಗಿತು; ನಾನು ಪಕ್ಕದಲ್ಲಿ ಕೂತೆ. ಬಹಳ ಹೊತ್ತಿನ ಮೇಲೆ, “ಏನ್ ಹಚ್ಚೀದಿ ಇದಕ್ಕ? ಕಣ್ಣ ಉರೀತಾವ” ಎಂದಳು. ಮೆಣಸಿನಕಾಯಿ ಎಂದೆ. “ಅದಕ್ಕ ಮತ್ತ” ಎಂದು ಮುಖ ಒರೆಸಿಕೊಂಡಳು. ಅಚ್ಚನ್ನು ವಾಪಸು ಕಳಿಸಬೇಕಂತೆ. ನನ್ನ ಕೈಯಲ್ಲಿದ್ದರೆ ಗಿಳಿ ಸಂತಾನ ಉಳಿಯುವುದಿಲ್ಲವಂತೆ.

ಬ್ಯಾಡಗಿಯ ಬಸ್ಸಿನಲ್ಲಿ ಕೂತು, ನನ್ನ ಬಣ್ಣದ ಪ್ರತಾಪಕ್ಕೇ ಅಕ್ಕ ಅತ್ತಳೆಂದು ನಮ್ಮ ಮನೆಯವರ ಮುಂದೆ ಹೇಗೆ ಜಂಬ ಕೊಚ್ಚಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಜೋಡಿಸುತ್ತಿದ್ದವಳಿಗೆ ಅಳು ಯಾವಾಗ ಬಂತೋ ತಿಳಿಯಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನಮ್ಮೂರ ಮೆಣಸಿನಕಾಯಿ ವ್ಯಾಪಾರಿ, ರುಮಾಲಿನ ಮುದುಕರು, ಯಾಕೆಂದು ವಿಚಾರಿಸಿದರು. ಊರಿನ ರೂಢಿಯಂತೆ, “ಮೆಣಸಿನಕಾಯಿ ಘಾಟ್ರಿ” ಎಂದುಬಿಟ್ಟೆ. ಬಸ್ಸು ಇನ್ನೂ ರಾಣೇಬೆನ್ನೂರು ದಾಟಿರಲಿಲ್ಲ.

ಅವರು ಹೊರಗೊಮ್ಮೆ ಇಣುಕಿ ನೋಡಿದರು. “ಈ ಊರಾಗ ಘಾಟ ಎಲ್ಲಿಂದ ಬರಬೇಕವ್ವಾ” ಎಂದರು. “ಮತ್ತ ನಮ್ಮ ಬ್ಯಾಡಗಿ ಕಾಯಿಯೊಳಗರ ಏನೈತಿ, ಬರೇ ಬಣ್ಣ. ಅಳಸೂವಷ್ಟು ಖಾರ ಇಲ್ಲ.”

ಹಾಗೆಂದು, ಕೈ ಚಾಚಿ, ನನ್ನ ಪಕ್ಕದ ಕಿಟಕಿಯನ್ನು ಎಳೆದು ಮುಚ್ಚಿದರು.