ಹದಿನೇಳು ಮೂಟೆ ಸಿಮೆಂಟು

ಸಿರಾದ ಲೆಕ್ಕದ ಮೇಷ್ಟ್ರು ರೇಣುಕಯ್ಯನವರು ಮನೆಗೆ ಕಾಂಕ್ರೀಟು ತಾರಸಿ ಹಾಕಿಸಲು ಹೊರಟದ್ದು ಸಾವಿರದ ಒಂಬೈನೂರ ಅರವತ್ತೊಂದರಲ್ಲಿ. ಆಗ ಸಿಮೆಂಟು ಸಿಗುತ್ತಿದ್ದುದು ಸರ್ಕಾರದ ಪರ್ಮಿಟ್ಟಿನ ಮೇಲೆ ಮಾತ್ರ. ಗಾರೆ ಕೆಲಸದ ಹುಸೇನ್ ಸಾಬರು ಗೋಡೆಯುದ್ದಕ್ಕೂ ಹೆಜ್ಜೆ ಹಾಕಿ, ಒಮ್ಮೆ ಆಕಾಶ ನೋಡಿ, "ಇಪ್ಪತ್ತಾರು ಮೂಟೆ" ಅಂದಿದ್ದರು. ಮೇಷ್ಟ್ರು ಅಷ್ಟಕ್ಕೇ ಅರ್ಜಿ ಹಾಕಿ, ಆರು ತಿಂಗಳು ಕಾದು ತಂದಿದ್ದರು.

ತಾರಸಿ ಹಾಕುವ ದಿನ ಬೆಳಿಗ್ಗೆ ಪಕ್ಕದ ಮನೆಯ ನಾಗಲಿಂಗಯ್ಯ ಬೇಲಿಯಾಚೆಯಿಂದ ಕತ್ತು ಚಾಚಿದ. "ಅಲ್ಲ ಮೇಷ್ಟ್ರೇ, ಊರ ಮಕ್ಕಳಿಗೆಲ್ಲ ಲೆಕ್ಕ ಹೇಳ್ಕೊಡೋರು ನೀವು. ನಿಮ್ಮನೆ ಲೆಕ್ಕಾನ ಹೆಜ್ಜೆ ಎಣಿಸೋರ ಕೈಗೆ ಕೊಟ್ಬುಟ್ರಾ?"

ಮಾತು ಮುಳ್ಳಿನಂತೆ ನಾಟಿತು. ಮೇಷ್ಟ್ರು ಸ್ಲೇಟು ಹಿಡಿದರು. ಇಪ್ಪತ್ನಾಲ್ಕು ಅಡಿ ಉದ್ದ, ಹದಿನೆಂಟು ಅಗಲ, ನಾಲ್ಕಿಂಚು ದಪ್ಪ. ಸಿಮೆಂಟು ಒಂದು ಪಾಲು, ಮರಳು ಎರಡು, ಜಲ್ಲಿ ನಾಲ್ಕು. ಏಳರಿಂದ ಭಾಗಿಸಿ, ಮೂಟೆಗೆ ಒಂದೂಕಾಲು ಘನ ಅಡಿಯಂತೆ ಹಿಡಿದರೆ ಹದಿನೇಳೇ ಮೂಟೆ! ಹಾಗಾದರೆ ಇನ್ನೊಂಬತ್ತು ಮೂಟೆ ಸಾಬರ ಮನೆಗೋ? ಯಾರಿಗೂ ಹೇಳದೆ ಒಂಬತ್ತನ್ನು ಒಳಕೋಣೆಗೆ ಸಾಗಿಸಿ ಬೀಗ ಹಾಕಿದರು. ಉಳಿದವನ್ನು ಎಣಿಸಿ ಎಣಿಸಿ ಕೊಡಲು ತಾವೇ ಕೂತರು.

ಮಧ್ಯಾಹ್ನ ಹದಿನೇಳನೆಯ ಮೂಟೆ ಬರಿದಾದಾಗ ಮೇಲೆ ತಾರಸಿಯ ಮೂರನೇ ಒಂದು ಪಾಲಿನಲ್ಲಿ ಬರೀ ಕಂಬಿ ಹಲ್ಲು ಕಿರಿಯುತ್ತಿತ್ತು.

"ಸಿಮೆಂಟು ಬರ್ಲಿ!" ಮೇಲಿಂದ ಕೂಗು.

ಮೇಷ್ಟ್ರ ಮುಖ ಸುಣ್ಣದ ಗೋಡೆಯಾಯಿತು. ಸಾಬರು ಕೆಳಗಿಳಿದು ಬಂದರು, ಸ್ಲೇಟು ಕಂಡರು, ಎಲ್ಲ ತಿಳಿಯಿತು. ಮೇಷ್ಟ್ರನ್ನು ಮೂಲೆಗೆ ಕರೆದು, ಬಾಂಡ್ಲಿ ತುಂಬ ಜಲ್ಲಿಯ ಮೇಲೆ ಎರಡು ಬೊಗಸೆ ಮರಳು ಸುರಿದು ಅಲ್ಲಾಡಿಸಿದರು. ಜಲ್ಲಿ ಒಂದಿಷ್ಟೂ ಮೇಲೇರಲಿಲ್ಲ.

"ಮರಳೆಲ್ಲೋಯ್ತು ಮೇಷ್ಟ್ರೇ?"

"ಸಂದಿಗೆ..."

"ಹ್ಞಾ. ಸಿಮೆಂಟೂ ಅಂಗೇ, ಮರಳಿನ ಸಂದಿಗೆ ಓಯ್ತದೆ. ಏಳು ಬಾಂಡ್ಲಿ ಕಲಸಿದ್ರೆ ಏಳು ಬರಾಕಿಲ್ಲ."

ಇಷ್ಟು ವರ್ಷ ಪಾಠ ಹೇಳಿದ್ದ ಮೇಷ್ಟ್ರಿಗೆ ಆ ಬಾಂಡ್ಲಿಗೆ ಕೈಮುಗಿಯಬೇಕೆನಿಸಿತು. ಆದರೆ ಗಾಬರಿಯಲ್ಲಿ ಬೀಗದ ಕೈ ಎಲ್ಲಿಟ್ಟೆನೆಂಬುದೇ ಮರೆತಿತ್ತು. ಕೆಲಸಕ್ಕೆ ಬಂದಿದ್ದ ಸಾಬರ ಹೆಂಡತಿ ಅಮೀರ್ ಬಿ ಸುತ್ತಿಗೆಯಿಂದ ಒಂದೇ ಏಟಿಗೆ ಬೀಗ ಹಾರಿಸಿದರು.

ಒಳಕೋಣೆಯಿಂದ ಮೂಟೆಗಳು ಹೊರಬಂದಾಗ ನಾಗಲಿಂಗಯ್ಯ ಕಣ್ಣರಳಿಸಿದ. "ಇದೇನ್ರೀ ಸಾಬ್ರೇ, ಬಚ್ಚಿಟ್ಟಿದ್ದು?"

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

"ಬಚ್ಚಿಟ್ಟಿದ್ದಲ್ಲಪ್ಪ, ಎತ್ತಿಟ್ಟಿದ್ದು," ಅಂದರು ಸಾಬರು ಗಂಭೀರವಾಗಿ. "ಎಲ್ಲಾ ಮೇಷ್ಟ್ರ ಲೆಕ್ಕ."

ಸಂಜೆ ಇಪ್ಪತ್ತಾರನೆಯ ಮೂಟೆಯ ಕೊನೆಯ ಬಾಂಡ್ಲಿ ಕೊನೆಯ ಮೂಲೆಯನ್ನು ತುಂಬಿತು. ಒಂದು ಹಿಡಿ ಮಿಗಲಿಲ್ಲ, ಒಂದು ಹಿಡಿ ಕಮ್ಮಿ ಬೀಳಲಿಲ್ಲ. ಬೀದಿಯೇ ಚಪ್ಪಾಳೆ ತಟ್ಟಿತು. "ನಂದಲ್ಲ, ಸಾಬರ ಲೆಕ್ಕ" ಎಂದು ಮೇಷ್ಟ್ರು ಎಷ್ಟು ಹೇಳಿದರೂ ಜನ ಅದನ್ನು ವಿನಯವೆಂದುಕೊಂಡರು.

ಅಷ್ಟರಲ್ಲಿ ಪುರಸಭೆಯ ಅಧ್ಯಕ್ಷ ಸಣ್ಣರಂಗಯ್ಯನವರೇ ಬಂದರು. "ಮೇಷ್ಟ್ರೇ, ವಾಚನಾಲಯಕ್ಕೆ ಗುಮ್ಮಟ ಕಟ್ಟಿಸ್ತಿದೀವಿ. ಸಿಮೆಂಟಿನ ಲೆಕ್ಕ ನಿಮ್ದೇ. ನಾಳೆ ಬೆಳಿಗ್ಗೆ ನಿಮ್ಮ ರುಜು ಹಾಕಿ ಕೊಡ್ಬೇಕು, ಹೆಚ್ಚುಕಮ್ಮಿ ಆದ್ರೆ ನೀವೇ ಹೊಣೆ." ಉತ್ತರಕ್ಕೂ ಕಾಯದೆ ಹೊರಟುಹೋದರು.

ಮೇಷ್ಟ್ರು ಸಾಬರ ಬಳಿ ಓಡಿದರು. "ಸಾಬರೇ, ನಿಮ್ಮಂಥ ಜಾಣರು ಇರೋವಾಗ ನಂಗೇನು ಭಯ! ಗುಮ್ಮಟಕ್ಕೆ ಎಷ್ಟು ಮೂಟೆ, ಕಿವೀಲಿ ಹೇಳ್ಬಿಡಿ."

ಸಾಬರು ಗಾರೆ ಮೆತ್ತುವ ಕರಣೆ ತೊಳೆಯುತ್ತಿದ್ದವರು ತಲೆಯೆತ್ತಿದರು.

"ತೋಬಾ! ಗುಮ್ಮಟ ನಾನೆಲ್ಲಿ ಕಟ್ಟಿದೀನಿ ಮೇಷ್ಟ್ರೇ? ಅಧ್ಯಕ್ಷರು ಮೊದ್ಲು ನನ್ನೇ ಕೇಳಿದ್ರು. ನಂಗೊತ್ತಿಲ್ಲ ಅಂತ ಹೆಂಗೆ ಹೇಳ್ಲಿ? ಅದಕ್ಕೇ ನಿಮ್ಮೆಸ್ರು ಹೇಳ್ಬುಟ್ಟೆ."